ಒಂದೇ ಹರಿಗೋಲು

ನಾಮಪತ್ರ ಸಲ್ಲಿಸಲು ಅದೇ ಕಡೆಯ ದಿನ, ಮಧ್ಯಾಹ್ನ ಮೂರರವರೆಗೆ ಮಾತ್ರ ಅವಕಾಶ. ಸೂಚಕರಾಗಿ ವಾರ್ಡಿನ ಮತದಾರರೊಬ್ಬರ ಸಹಿ ಬೇಕು. ಮತದಾರರೆಲ್ಲ ಇರುವುದು ಹೊಳೆಯ ನಡುಗಡ್ಡೆಯಲ್ಲಿ. ಮೂರು ಸಲ ಅವಿರೋಧವಾಗಿ ಪಂಚಾಯಿತಿ ಸದಸ್ಯನಾದ ಬಸಲಿಂಗಪ್ಪ ಸಾಹುಕಾರ ಮೂಗು ಮುರಿಯುತ್ತಲೇ ಹರಿಗೋಲು ಹತ್ತಿ ಬಂದ. ಹುಟ್ಟು ಹಾಕಿದವಳ ಹೆಸರು ಕೂಡ ಅವನಿಗೆ ಗೊತ್ತಿರಲಿಲ್ಲ.

"ಏ ಹರಿಗೋಲಾಕಿ, ನಾ ಬರೂತನಕ ಇಲ್ಲೇ ಕುಂತಿರು" ಎಂದು ಗದರಿಸಿ ದಂಡೆಗಿಳಿದ.

ಮೊಸಳೆಗಳ ಜೊತೆ ನೀರು ಕುಡಿಯುವ ಈ ಮಂದಿಗೆ ಚುನಾವಣೆ ಎಂದರೆ ಏನು ತಿಳಿದೀತು ಎಂದುಕೊಳ್ಳುತ್ತ, ನಡುಗಡ್ಡೆಯ ಹಿರಿಯ ಅಮರಪ್ಪಜ್ಜನ ಮನೆಯ ಕಟ್ಟೆಯ ಮೇಲೆ ಕರವಸ್ತ್ರ ಹಾಸಿ ಕುಳಿತ. ಅಜ್ಜ ಕನ್ನಡಕ ಒರೆಸಿಕೊಂಡು ಅರ್ಜಿಯ ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದ.

"ನೀ ಓದಿ ಏನ್ ಕಡದು ಕಟ್ಟೆ ಹಾಕ್ತಿ? ಒತ್ತು ಹೆಬ್ಬೆಟ್ಟು!"

"ಸೇತುವೆ ಯಾವಾಗ ಆಗ್ತೈತ್ರಿ ಸಾಹುಕಾರ್ರ?"

"ನಿಮ್ಮ ಅರವತ್ತು ಓಟಿಗೆ ಸೇತುವೆ ಬ್ಯಾರೆ ಕೇಡು! ಹರಿಗೋಲು ಐತಲ್ಲ, ಸಾಕು."

ಅಜ್ಜ ದುಂಡಗಿನ ಅಕ್ಷರದಲ್ಲಿ ಸಹಿ ಹಾಕಿಕೊಟ್ಟ. ಸಾಹುಕಾರ ಅರ್ಜಿ ಕಸಿದುಕೊಂಡು ಗಡಿಯಾರ ನೋಡಿದ. ಎರಡು ಗಂಟೆ. ದಂಡೆಗೆ ಬಂದರೆ ಹರಿಗೋಲಿಲ್ಲ. ನಡುಗಡ್ಡೆಗೆ ಇದ್ದ ಆ ಒಂದೇ ಹರಿಗೋಲನ್ನು ಆಚೆ ದಡದಲ್ಲಿ ಬೋರಲು ಹಾಕಿ ಒಣಗಲು ಬಿಡಲಾಗಿತ್ತು.

"ಎಲ್ಲಿ ಹಾಳಾಗಿ ಹೋದ್ಲು ಅಕಿ?"

ಹಿಂದೆಯೇ ಬಂದ ಅಜ್ಜ ಕೈಮುಗಿದ.

"ಹುಲಿಗೆವ್ವ ನಾಮಪತ್ರ ಹಾಕಾಕ ಹೋಗ್ಯಾಳ್ರಿ, ಮೂರು ಹೊಡದ ಮ್ಯಾಲೆ ಬರ್ತಾಳ. ಸೇತುವೆ ಇದ್ದಿದ್ರ ನೀವೂ ನಡಕೊಂತ ಹೋಗಬಹುದಿತ್ತು."