ಹೊಲದ ಮಣ್ಣಿಗೊಂದು ಅರ್ಜಿ

ಗುರುಲಿಂಗಪ್ಪ ಕಚೇರಿಯ ಮೆಟ್ಟಿಲು ಹತ್ತುತ್ತಿರುವುದನ್ನು ಕಿಟಕಿಯಿಂದ ಕಂಡ ಪುರಸಭೆಯ ಅಧ್ಯಕ್ಷ ಗುರಪ್ಪ, ಎದುರಿಗಿದ್ದ ಕಡತಗಳನ್ನೆಲ್ಲ ಬದಿಗೆ ಸರಿಸಿದ. ಹನ್ನೊಂದು ವರ್ಷ ಕಾದ ಗಳಿಗೆ ತಾನಾಗಿ ನಡೆದು ಬರುತ್ತಿತ್ತು.

೧೯೫೧ರಲ್ಲಿ ಈ ಗುರುಲಿಂಗಪ್ಪನೇ ಊರಿನ ಆರೋಗ್ಯಾಧಿಕಾರಿ. ಗೊತ್ತುಪಡಿಸಿದ ರುದ್ರಭೂಮಿಯ ಹೊರಗೆ ಅಪ್ಪಣೆಯಿಲ್ಲದೆ ಯಾರನ್ನೂ ಹೂಳಕೂಡದೆಂಬ ನಿಯಮ ಆಗಷ್ಟೇ ಬಿಗಿಯಾಗಿತ್ತು. ಗುರಪ್ಪನ ತಂದೆ ಧೂಳಪ್ಪ ತೀರಿಕೊಂಡಾಗ, ತಾಳಿಕೋಟೆ ರಸ್ತೆಯ ಸ್ವಂತ ಹೊಲದಲ್ಲಿ, ಮೂರು ತಲೆಮಾರಿನ ಸಮಾಧಿಗಳ ನಡುವೆ ಮಣ್ಣು ಮಾಡಲು ಮಗ ಅಪ್ಪಣೆ ಬೇಡಿದ. ಅಧಿಕಾರಿ ಅರ್ಜಿಯನ್ನು ಬಿಡಿಸಿಯೂ ನೋಡದೆ ‘ನಾಮಂಜೂರು’ ಎಂದು ಬರೆದ. ಪೊಲೀಸರ ಕಾವಲಿನಲ್ಲಿ ಧೂಳಪ್ಪ ಸರಕಾರಿ ರುದ್ರಭೂಮಿಯ ಬೇಲಿಮೂಲೆ ಸೇರಿದ. ಗುರಪ್ಪ ವಿಜಾಪುರದ ಕಲೆಕ್ಟರ್ ಕಚೇರಿಗೆ ಮೂರು ಬಾರಿ ಮೊರೆಯಿಟ್ಟ, ಉತ್ತರ ಬರಲಿಲ್ಲ.

ಈಗ ಗುರುಲಿಂಗಪ್ಪನನ್ನು ಮಿರಜದ ವೈದ್ಯರು ಕೈಚೆಲ್ಲಿ ಕಳಿಸಿದ್ದರು. ಊರಿಗೆಲ್ಲ ಅದು ಗೊತ್ತಿತ್ತು.

“ಬರ್ರಿ ಸಾಹೇಬ್ರ. ಇನ್ನೂ ಅದೀರಿ?”

“ಈ ಕೆಲಸ ಮುಗಿಯೂಮಟ ಇರಬೇಕಲ್ರಿ.” ಕೆಮ್ಮುತ್ತ ಮುದುಕ ಅರ್ಜಿಯ ಎರಡು ಪ್ರತಿಗಳನ್ನು ಮೇಜಿನ ಮೇಲಿಟ್ಟ. “ಹೊಲದಾಗ ಮಣ್ಣು ಮಾಡಾಕ ಅಪ್ಪಣಿ ಬೇಕಾಗೈತಿ. ಕಲೆಕ್ಟರ್ ಸಾಹೇಬ್ರು ಒಪ್ಪ್ಯಾರ. ನಿಮ್ಮದೊಂದು ಸಹಿ ಉಳದೈತಿ. ಓದಿ ನೋಡ್ರಿ.”

“ನಾ ಬ್ಯಾಡ ಅಂದ್ರ?”

“ಅಲ್ಲಿಗೆ ಮುಗೀತ್ರಿ. ಮತ್ತ ಕೇಳಾಕ ಕಾಯ್ದೆ ಬಿಡಂಗಿಲ್ಲ. ಆದ್ರ ನೀವು ಬ್ಯಾಡ ಅನ್ನಂಗಿಲ್ಲ.”

“ಭಾಳ ನಂಬಿಗಿ ಐತಿ ನಿಮಗ.”

“ನಂಬಿಗಿ ಅಲ್ರಿ, ನಾ ಹೇಳೂದು ಸ್ವಲ್ಪ—”

“ಅವತ್ತ ನಾ ಹೇಳೂದು ನೀವು ಕೇಳಿದ್ರೇನು? ಇಟ್ಟು ಹೋಗ್ರಿ. ಉತ್ತರ ಮನಿಗೆ ಬರ್ತೈತಿ.”

ಮುದುಕ ಕೈಮುಗಿದು ಇಳಿದುಹೋದ.

ಗುರಪ್ಪ ಅರ್ಜಿಯ ಮಡಿಕೆ ಬಿಡಿಸಲಿಲ್ಲ. ಬೆನ್ನ ಮೇಲೆಯೇ ‘ನಾಮಂಜೂರು’ ಎಂದು ದಪ್ಪಕ್ಷರಗಳಲ್ಲಿ ಬರೆದು ಸಹಿ ಹಾಕಿದ. ಆ ಒಂದು ಪದ ಬರೆಯಲೆಂದೇ ಆತ ಎರಡು ಚುನಾವಣೆ ಗೆದ್ದಿದ್ದ. ಮುದುಕ ತಿರುಗಿ ಬಂದು ಕಾಲು ಹಿಡಿದರೂ ಕೈಮೀರಿರಬೇಕೆಂದು, ಕಾರಕೂನ ಮೈಬೂಬನಿಂದ ಮುದ್ರೆಯೊತ್ತಿಸಿ, ಹೊರಟು ನಿಂತಿದ್ದ ವಿಜಾಪುರದ ಬಸ್ಸಿನ ಟಪಾಲಿಗೆ ಕೂಡಲೇ ಹಾಕಿಸಿದ. ಮೋಟಾರಿನ ಸದ್ದು ಊರು ದಾಟುವವರೆಗೂ ಕಿಟಕಿಯ ಬಳಿ ನಿಂತು ಕೇಳಿದ. ಅಷ್ಟಾದರೂ ತೃಪ್ತಿ ಸಾಲಲಿಲ್ಲ.

“ಮೈಬೂಬ, ಉಳಿದ ಪ್ರತಿ ಓದು. ಮುದುಕ ಹೆಂಗ ಅಂಗಲಾಚ್ಯಾನ ಕೇಳೂಣು.”

ಮೈಬೂಬ ಹಾಳೆ ಬಿಡಿಸಿದ. ಓದತೊಡಗಿದವನ ಧ್ವನಿ ಬರಬರುತ್ತ ಕುಗ್ಗಿತು:

“‘ಅಂದಿನ ತಪ್ಪು ನನ್ನದೆಂದು ಕಲೆಕ್ಟರರ ಮುಂದೆ ಒಪ್ಪಿಕೊಂಡಿದ್ದೇನೆ. ಸರಕಾರಿ ರುದ್ರಭೂಮಿಯಲ್ಲಿರುವ ಧೂಳಪ್ಪನವರ ಅಸ್ಥಿಯನ್ನು ಹೊರತೆಗೆದು, ಅವರ ಸ್ವಂತ ಹೊಲದಲ್ಲಿ ಮಣ್ಣು ಮಾಡಲು ಅಪ್ಪಣೆಯಾಗಬೇಕು.’”