ಎರಡು ಇಂಚು

ಕೆಳಗಿನ ಕಪಾಟಿನಿಂದ ಎತ್ತುತ್ತಿದ್ದ ಹಿಟ್ಟು ನಾದುವ ಮಷಿನ್ ಬಡಗಿಯ ಹೆಂಡತಿಯ ಕೈಜಾರಿ, ಅವಳ ಕಾಲ್ಬೆರಳಿನ ಪಕ್ಕದಲ್ಲೇ ದಬ್ಬನೆ ಬಿತ್ತು. ನೆಲದ ಟೈಲ್ಸ್ ಬಿರುಕು ಬಿಟ್ಟಿತು, ಮಷಿನ್ನಿಗೆ ಏನೂ ಆಗಲಿಲ್ಲ. ಹನ್ನೊಂದು ಕೆಜಿ ಕಬ್ಬಿಣ ಅದು. ಬಡಗಿ ಹೊರಗಿನಿಂದ ಓಡಿ ಬಂದಾಗ ಅವಳು ನೆಲದ ಮೇಲೆ ಕುಳಿತು, ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ನೋವೇನಿಲ್ಲ ಎಂದಳು. ಆಮೇಲೆ, ಈ ಮಷಿನ್ನನ್ನು ತಂಗಿಗೆ ಕೊಟ್ಟುಬಿಡೋಣ, ಬನ್ನು ಮಾಡಿದ್ದು ಸಾಕು ಎಂದಳು.

ಆ ಮಾತು ಅವನಿಗೆ ನಾಟಿತು. ಬೀದಿ ತುದಿಯ ಚಹಾದಂಗಡಿಗೆ ವಾರಕ್ಕೆ ಮೂರು ದಿನ ಅವಳ ಬನ್ನು ಹೋಗುತ್ತಿತ್ತು, ಬಿಸಿ ಆರುವ ಮೊದಲೇ ಖಾಲಿಯಾಗುತ್ತಿತ್ತು. ಬೀದಿಯವರು ಅವನನ್ನು ಬನ್ನಿನಮ್ಮನ ಯಜಮಾನರು ಎಂದೇ ಗುರುತಿಸುತ್ತಿದ್ದರು. ಅದು ಅವನಿಗೆ ಒಳಗೊಳಗೇ ಇಷ್ಟ. ಮಷಿನ್ನನ್ನು ಕಟ್ಟೆಯ ಮೇಲೇ ಇಡೋಣವೆಂದರೆ ಅವರದು ಅಂಗೈಯಗಲದ ಅಡುಗೆಮನೆ. ಅದು ಕೂತರೆ ಹಿಟ್ಟು ಉಂಡೆ ಕಟ್ಟಲು ಜಾಗವಿಲ್ಲ. ಹಾಗಾಗಿ ಕೆಳಗಿನ ಕಪಾಟೇ ಅದಕ್ಕೆ ಗತಿಯಾಗಿತ್ತು. ಇವನೋ ಇಪ್ಪತ್ತೆಂಟು ವರ್ಷದಿಂದ ಕಂಡವರ ಅಡುಗೆಮನೆಗಳಿಗೆಲ್ಲ ಕಪಾಟು ಕೂರಿಸಿದವನು. ಭಾರದ ಸಾಮಾನನ್ನು ಬಗ್ಗಿ ಎತ್ತಬೇಡಿ ಎಂದು ಮನೆಮನೆಗೆ ಪಾಠ ಹೇಳಿದವನು. ತನ್ನ ಮನೆಯ ಕಪಾಟಿನ ಮಾತು ಬಂದಾಗ ಮಾತ್ರ 'ಬರೋ ವಾರ ನೋಡೋಣ' ಎನ್ನುತ್ತ ವರ್ಷಗಳನ್ನು ದೂಡಿದ್ದ.

ಮರುದಿನವೇ ವರ್ಕ್‌ಶಾಪಿನಲ್ಲಿ ಹಲಗೆ ಕೊಯ್ಯತೊಡಗಿದ. ಹಲಗೆಯ ಎರಡೂ ಬದಿಗೆ ಸ್ಪ್ರಿಂಗ್ ಇರುವ ಕಬ್ಬಿಣದ ತೋಳು. ಕಪಾಟಿನ ಬಾಗಿಲು ತೆರೆದು ಹಿಡಿಯನ್ನು ಎಳೆದರೆ ಸಾಕು, ಹಲಗೆ ಮಷಿನ್ ಸಮೇತ ಮೇಲೆದ್ದು ಬಂದು ನಿಲ್ಲಬೇಕು. ಕೆಲಸ ಮುಗಿದ ಮೇಲೆ ಒತ್ತಿದರೆ ತೆಪ್ಪಗೆ ಒಳಗೆ ಹೋಗಬೇಕು. ಪಾಲಿಶ್ ಮಾಡುವ ಗೆಳೆಯ ಬಂದು ನೋಡಿ, ಅಳತೆ ತಗೊಂಡ್ಯಾ ಎಂದು ಕೇಳಿದ. ಗಿರಾಕಿಯ ಮೊಣಕೈ ಎಷ್ಟೆತ್ತರಕ್ಕಿದೆ ಎಂದು ಟೇಪು ಹಿಡಿದು ನೋಡದೆ ಗರಗಸ ಮುಟ್ಟಿದವನಲ್ಲ ಬಡಗಿ. ಈ ಸಲ ನಕ್ಕುಬಿಟ್ಟ.

"ಮೂವತ್ತು ವರ್ಷದಿಂದ ಜೊತೆಗಿದೀವಿ ಕಣೋ. ಅವಳ ಅಳತೆ ನನ್ನ ಕೈಗೇ ಗೊತ್ತು."

ಭಾನುವಾರ ಹಲಗೆ ಕೂರಿಸಿದ. ಅವಳು ಎಡಗೈಯೊಂದರಲ್ಲೇ ಹಿಡಿಯನ್ನು ಎಳೆದಳು. ಹನ್ನೊಂದು ಕೆಜಿ ತನ್ನಷ್ಟಕ್ಕೆ ಎದ್ದು ಬಂದು ಟಕ್ಕೆಂದು ನಿಂತಿತು. ಒತ್ತಿದಳು, ಎಳೆದಳು, ಮತ್ತೆ ಒತ್ತಿದಳು. ಹೀಗೇ ಮಾಡ್ತಿದ್ದರೆ ಸ್ಪ್ರಿಂಗ್ ಇವತ್ತೇ ಸವೆದುಹೋಗುತ್ತದೆ ಎಂದು ಅವನು ಗದರಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವತ್ತು ಸಂಜೆಯೇ ಹಿಟ್ಟು ಕಲಸಿದಳು. ತಂಗಿಗೆ ಕೊಡುವ ಮಾತು ಮತ್ತೆ ಬರಲಿಲ್ಲ.

ಬುಧವಾರ ಟೇಪು ಮನೆಯಲ್ಲೇ ಮರೆತಿದ್ದರಿಂದ ಮಧ್ಯಾಹ್ನ ವಾಪಸು ಬಂದ. ಅಡುಗೆಮನೆಯಲ್ಲಿ ಮಷಿನ್ ಗುರುಗುಡುತ್ತಿತ್ತು. ಬಾಗಿಲಲ್ಲಿ ಅವನ ನೆರಳು ಕಂಡದ್ದೇ ಅವಳು ಯಾವುದರ ಮೇಲಿಂದಲೋ ಇಳಿದು, ಅದನ್ನು ಕಾಲಿನಿಂದ ಕಪಾಟಿನ ಅಡಿಗೆ ತಳ್ಳಿದಳು. ಅವನು ಬಗ್ಗಿ ಎಳೆದು ನೋಡಿದ. ತನ್ನದೇ ವರ್ಕ್‌ಶಾಪಿನಲ್ಲಿ ಮಿಕ್ಕಿದ ಮರದ ತುಂಡು. ಮೇಲೆಲ್ಲ ಹಿಟ್ಟು ಚೆಲ್ಲಿತ್ತು, ಹಿಟ್ಟಿನಲ್ಲಿ ಎರಡು ಪಾದಗಳ ಗುರುತು. ದಪ್ಪ ಎರಡು ಇಂಚು. ಅಷ್ಟು ಹೇಳಲು ಅವನಿಗೆ ಟೇಪು ಬೇಕಿರಲಿಲ್ಲ.

"ಯಾವತ್ತಿಂದ?"

"ಮೊದಲನೇ ದಿನದಿಂದ."

"ಹೇಳೋಕೇನಾಗಿತ್ತು?"

"ಎತ್ತೋ ಕಷ್ಟ ತಪ್ಪಿತಲ್ಲ. ಎರಡಿಂಚಿಗೆಲ್ಲ ನಿಮ್ಮ ಮನಸ್ಸು ಯಾಕೆ ನೋಯಿಸಲಿ."

ಅವನಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ಅಳತೆ ತಪ್ಪಿದ್ದಕ್ಕೆ ಇದುವರೆಗೆ ಯಾವ ಗಿರಾಕಿಯೂ ಅವನನ್ನು ವಾಪಸು ಕರೆಸಿರಲಿಲ್ಲ. ಅವಳ ತೋಳು ಹಿಡಿದು ಪಕ್ಕದಲ್ಲಿ ನಿಲ್ಲಿಸಿಕೊಂಡ. ಗೋಡೆಯ ಮೇಲೆ ತೂಗುಹಾಕಿದ್ದ ಕನ್ನಡಿಯಲ್ಲಿ ನೋಡಿದ. ಅವಳ ನೆತ್ತಿ ಅವನ ಕಿವಿಯ ಮಟ್ಟಕ್ಕೆ ಬರುತ್ತಿತ್ತು, ಮದುವೆಯ ದಿನ ಬಂದಂತೆಯೇ.

"ನೋಡು, ಆಗ್ಲೂ ಕಿವಿವರೆಗೆ ಬರ್ತಿದ್ದೆ, ಈಗ್ಲೂ ಕಿವಿವರೆಗೇ ಬರ್ತೀಯ. ಹಾಗಿದ್ಮೇಲೆ ಎರಡಿಂಚು ಎಲ್ಲಿಗೆ ಹೋಯ್ತು?"

ಅವಳು ಟೇಪು ಹುಡುಕಿ ತಂದು ಅವನ ಕೈಗಿಟ್ಟು, ಗೋಡೆಗೆ ಬೆನ್ನು ಕೊಟ್ಟು, ಮೊಣಕೈ ಮಡಚಿ ನಿಂತಳು. ಅವನು ಅಳೆದ. ನಂಬಿಕೆ ಬರದೆ ಇನ್ನೊಮ್ಮೆ ಅಳೆದ. ಮರದ ತುಂಡು ಹೇಳಿದ್ದನ್ನೇ ಟೇಪೂ ಹೇಳಿತು. ಮೊಣಕೈ ಪಕ್ಕದಲ್ಲಿ ಗೋಡೆಯ ಮೇಲೊಂದು ಗೆರೆ ಎಳೆದು, ಸಂಜೆ ಬಂದು ಹಲಗೆಯ ತೋಳುಗಳನ್ನು ಇಳಿಸಿ ಕೂರಿಸುತ್ತೇನೆ ಎಂದ. ದನಿ ಸಣ್ಣಗಾಗಿತ್ತು.

ಟೇಪು ಸುತ್ತಿಕೊಂಡು ಹೊರಡುವಷ್ಟರಲ್ಲಿ ಅವಳು ಅವನ ಕೈಯ ಪೆನ್ಸಿಲ್ ತೆಗೆದುಕೊಂಡಳು.

"ಈಗ ನೀವು ನಿಲ್ಲಿ."

"ನನ್ನ ಅಳತೆ ಯಾಕೆ?"

"ನನ್ನ ಕೈ ನೋಯೋ ದಿನ ಬನ್ನು ಮಾಡೋರು ಯಾರು?"

ಅವನು ಹೋಗಿ ಅವಳ ಗೆರೆಯ ಪಕ್ಕದಲ್ಲೇ ಗೋಡೆಗೆ ಬೆನ್ನು ಹಚ್ಚಿ ನಿಂತ. ಅವಳು ಹತ್ತಿರ ಬಂದಳು, ನೋಡಿದಳು, ಹಿಟ್ಟಿನ ಕೈಯನ್ನು ಅವನ ಎದೆಯ ಮೇಲಿಟ್ಟು ಗೋಡೆಯ ಕಡೆಗೆ ಮೆಲ್ಲಗೆ ಒತ್ತಿದಳು.

"ನೆಟ್ಟಗೆ ನಿಲ್ಲಿ ಅಂದ್ರೆ."

"ನಿಂತೇ ಇದೀನಲ್ಲ."

ಅವನ ಬಾಗಿದ ಹೆಗಲು ಮಾತ್ರ ಗೋಡೆಗೆ ತಾಗಿರಲಿಲ್ಲ. ಅವಳು ಎದೆಯ ಮೇಲಿನ ಕೈ ತೆಗೆಯದೆ, ಅವನು ನಿಂತಷ್ಟಕ್ಕೇ ಗೆರೆ ಎಳೆದಳು.