ಹೆಬ್ಬೆರಳ ಕೆಳಗಿನ ಬಿರುಕು

ಕಲ್ಲಿನ ದೋಣಿಯಲ್ಲಿ ಕೂತು ಕಾಲುವೆಯಲ್ಲಿ ಸಾಗಿದವಳು ಈ ಗ್ರೋನಿಂಗೆನ್ ಸೀಮೆಗೆ ನಾನೊಬ್ಬಳೇ. ಸರಿ ಸರಿ, ಹಾಗೆ ನಗಬೇಡ, ಇದರಲ್ಲಿ ಅರ್ಧ ಸುಳ್ಳು. ಕಲ್ಲಲ್ಲ, ಕಾಂಕ್ರೀಟು. ಒಬ್ಬಳೇ ಅಲ್ಲ, ಎದುರಿಗೆ ಎಂಜಿನಿಯರ್ ಹುಡುಗಿ ರೆನ್ಸ್ಕೆ ಕೂತಿದ್ದಳು. ಹುಟ್ಟು ಹಾಕಿದವಳೂ ಅವಳೇ. ಆದರೆ ಆ ಕಾಂಕ್ರೀಟು ನನ್ನ ಹಿತ್ತಿಲ ಕೋಣೆಯ ಚೂರಿನದು ಅನ್ನುವುದು ಮಾತ್ರ, ತೀರಿಹೋದ ನನ್ನ ಗಂಡ ಹಾರ್ಮ್‌ನ ಆಣೆಗೂ ನಿಜ.

ನಮ್ಮೂರ ಅಡಿಯಿಂದ ಗ್ಯಾಸು ತೆಗೆದೂ ತೆಗೆದೂ ನೆಲ ನಡುಗುವುದನ್ನು ಕಲಿತುಬಿಟ್ಟಿತ್ತು. ನನ್ನ ಅಡುಗೆಮನೆ ಗೋಡೆಯ ಬಿರುಕಿನಲ್ಲಿ ಪಕ್ಕದ ಮನೆ ಬೆರೆಂಡನ ಬೆಕ್ಕು ಸಂಸಾರಸಮೇತ ಓಡಾಡುತ್ತಿತ್ತು. ಒಂದೊಂದು ಸಲ ನಡುಗಿದಾಗಲೂ ಬಿರುಕು ಎಲ್ಲಿಗೆ ಬಂದು ನಿಂತಿದೆಯೋ ಅಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತಿದ್ದೆ. ಬೇರೆಯವರು ಗೋಡೆಯ ಮೇಲೆ ಮಕ್ಕಳ ಎತ್ತರ ಗುರುತು ಹಾಕುತ್ತಾರಲ್ಲ, ಹಾಗೆ. ಮನೆಗಳನ್ನು ಕೆಡವಿ, ಅವುಗಳದೇ ಚೂರು ಪುಡಿಮಾಡಿ ಹೊಸ ಕಾಂಕ್ರೀಟು ಕಲಸಿ, ಅದೇ ಜಾಗದಲ್ಲಿ ಹೊಸ ಮನೆ ಕಟ್ಟಿಕೊಡುತ್ತೇವೆ ಎಂದರು ಸರ್ಕಾರದವರು. ಬೀದಿಯೆಲ್ಲ ಒಪ್ಪಿತು, ನಾನು ರುಜು ಹಾಕಲಿಲ್ಲ. ನನಗೂ ಬೆರೆಂಡನಿಗೂ ನಡುಗೋಡೆ ಒಂದೇ. ನಾನು ಒಪ್ಪದೆ ಅವನದನ್ನೂ ಮುಟ್ಟುವಂತಿಲ್ಲ. ಪಾಪ, ಅವನೂ ಅವನ ಹೆಂಡತಿಯೂ ಗಿರಣಿ ಪಕ್ಕದ ತಗಡಿನ ಮನೆಗೆ ಹೋಗಿ ಕಾಯುತ್ತಿದ್ದರು. ಅಲ್ಲಿಯ ಥಂಡಿಗೆ ಅವಳ ಕೆಮ್ಮು ನಿಲ್ಲುತ್ತಿರಲಿಲ್ಲ.

ಒಂದು ದಿನ ಅವರ ಕಡೆಯ ರೆನ್ಸ್ಕೆ ಚೌಕನೆಯ ಕಾಂಕ್ರೀಟು ತುಂಡೊಂದನ್ನು ತಂದು ನನ್ನ ಕಾಫಿ ಲೋಟದ ಪಕ್ಕ ಇಟ್ಟಳು.

"ಅಜ್ಜಿ, ಬಿದ್ದುಹೋದ ನಿಮ್ಮ ಹಿತ್ತಿಲ ಕೋಣೆ ಚೂರಲ್ಲೇ ಮಾಡಿದ್ದು ಇದು. ಇಂಥದ್ದನ್ನೇ ಯಂತ್ರದಲ್ಲಿಟ್ಟು ಒತ್ತಿದ್ವಿ. ನೂರು ಹಸು ಒಂದರ ಮೇಲೊಂದು ನಿಂತಷ್ಟು ಭಾರ ತಡ್ಕೊಳ್ತು."

"ನನ್ನ ಮನೆ ಮೇಲೆ ಹಸು ಯಾಕೆ ಹತ್ತುತ್ವೆ ಮಗಳೇ? ಇಲ್ಲಿ ಅಲ್ಲಾಡೋದು ಕೆಳಗಿಂದ. ಬಿರುಕುಬಿಟ್ಟ ಮನೆ ಪುಡೀಲಿ ಕಟ್ಟಿದ ಮನೆ ಬಿರುಕುಬಿಡಲ್ವಾ?"

"ಬಿಡತ್ತೆ ಅಜ್ಜಿ. ಬಿರುಕೇ ಬಿಡದ ಕಾಂಕ್ರೀಟು ಇಲ್ಲ. ಕೂದಲೆಳೆಯಷ್ಟು ಬಿಟ್ಟು ನಿಂತುಬಿಡ್ಬೇಕು, ಮುಂದಕ್ಕೆ ಹೋಗ್ಬಾರ್ದು. ಅಷ್ಟೇ."

"ಅದನ್ನ ನಾನು ಕಣ್ಣಾರೆ ನೋಡ್ಬೇಕು. ಯಂತ್ರದ ಮಾತು ನಂಗೆ ಬೇಡ."

ಹುಡುಗಿ ಆ ತುಂಡನ್ನು ಮತ್ತೆ ಕೈಗೆತ್ತಿಕೊಂಡಳು. "ದೋಣಿ ಮಾಡ್ಲಾ? ಕಾಲೇಜಲ್ಲಿ ವರ್ಷಾ ವರ್ಷಾ ಕಾಂಕ್ರೀಟ್ ದೋಣಿ ಪಂದ್ಯ ಆಡ್ತಿದ್ವಿ."

"ಮಾಡು. ಸೇತುವೆಯಿಂದ ಗಿರಣಿವರೆಗೆ ಹೋಗೋಣ. ಬಿರುಕು ಬಂದಲ್ಲಿ ನಾನು ಗೆರೆ ಹಾಕ್ತೀನಿ. ಗೆರೆ ದಾಟಿದ್ರೆ ರುಜು ಇಲ್ಲ."

ದೋಣಿ ಬಂತು. ಒಳಗೆ ತಂತಿಬಲೆ, ಮೇಲೆ ಬಿಸ್ಕತ್ತಿನಷ್ಟು ತೆಳುವಾದ ಕಾಂಕ್ರೀಟು. ಹಿತ್ತಿಲ ಕೋಣೆಗೆ ಹಾರ್ಮ್ ತನ್ನ ಕೈಯಾರೆ ಹಾಕಿದ್ದ ಕೆಂಪು ನೆಲದ ಚೂರುಗಳು ಅಲ್ಲಲ್ಲಿ ಇಣುಕುತ್ತಿದ್ದವು. ಊರಿಗೆ ಊರೇ ದಡದಲ್ಲಿ ನೆರೆದಿತ್ತು. ಅಂದರೆ, ಬೆರೆಂಡ್ ಇದ್ದ.

"ಫ್ರೌಕೆ, ದೋಣಿ ತೂಕ ನೋಡಿದಾರೆ. ನಿನ್ನ ತೂಕ ನೋಡಿದಾರಾ?"

"ಸುಮ್ನಿರೋ. ತೂತು ಬಿದ್ರೆ ನಿನ್ನನ್ನೇ ತಂದು ಬಿರಡೆ ಹಾಕ್ತೀನಿ."

ಅರ್ಧ ದಾರಿ ನೆಟ್ಟಗೆ ಹೋದೆವು. ಆಮೇಲೆ ಮರಳು ತುಂಬಿದ ದೊಡ್ಡ ಹಡಗೊಂದು ಪಕ್ಕದಲ್ಲೇ ಹಾದುಹೋಯಿತು. ಅಲೆ ನಮ್ಮನ್ನು ಕೆಳಗಿನಿಂದ ಎತ್ತಿ ಕುಕ್ಕಿತು, ಥೇಟ್ ನಮ್ಮೂರ ನೆಲದ ಹಾಗೆ. ಟಿಕ್ ಅಂತ ಸದ್ದು. ನನ್ನ ಮೊಣಕಾಲಿನ ಪಕ್ಕ ಕೂದಲೆಳೆಯ ಬಿರುಕು. ಅದರುದ್ದಕ್ಕೂ ನೀರಿನ ಸಣ್ಣ ಸಣ್ಣ ಮಣಿಗಳು. ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು ಅದರ ತುದಿಗೆ ಗೆರೆ ಎಳೆದೆ. ಅಷ್ಟರಲ್ಲೇ ಎರಡನೆಯ ಅಲೆ ಬಂತು. ಮತ್ತೊಂದು ಟಿಕ್.

ರೆನ್ಸ್ಕೆ ಹುಟ್ಟು ನಿಲ್ಲಿಸಿದಳು. ಮುಖ ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು. "ದಾಟಿತಾ ಅಜ್ಜಿ?"

ನಾನು ಬಗ್ಗಿ ನೋಡಿದೆ. ನೋಡಿ, ಗೆರೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದೆ. "ಹುಟ್ಟು ಹಾಕು. ಗಿರಣಿ ಇನ್ನೂ ದೂರ ಇದೆ."

"ಬೆರಳು ತೆಗೀರಿ, ನಾನೂ ನೋಡ್ತೀನಿ."

"ಪರೀಕ್ಷೆ ಮಾಡ್ತಿರೋಳು ಇವತ್ತು ನಾನು. ನೀನು ಹುಟ್ಟು ಹಾಕು."

ಗಿರಣಿ ಹತ್ತಿರ ದಡ ಮುಟ್ಟುವವರೆಗೂ ಹೆಬ್ಬೆರಳು ಎತ್ತಲಿಲ್ಲ. ತಗಡಿನ ಮನೆಯೊಳಗಿಂದ ಬೆರೆಂಡನ ಹೆಂಡತಿ ಕೆಮ್ಮುತ್ತಿದ್ದುದು ನೀರಿನವರೆಗೂ ಕೇಳುತ್ತಿತ್ತು. ರೆನ್ಸ್ಕೆ ಮೊದಲು ಇಳಿದು ನನಗೆ ಕೈ ಕೊಟ್ಟಳು. ನಾನು ಇಳಿಯುವಾಗ ದೋಣಿಯ ಅಂಚನ್ನು ಮೆಟ್ಟಿಬಿಟ್ಟೆ. ಅದು ಓರೆಯಾಗಿ, ಗಟಗಟ ನೀರು ಕುಡಿದು, ಬಿರುಕು, ಗೆರೆ, ಹಾರ್ಮ್‌ನ ಕೆಂಪು ಚೂರು, ಎಲ್ಲವನ್ನೂ ಹೊತ್ತು ಕೆಸರಿನ ತಳ ಸೇರಿತು. ಕಾಲು ಜಾರಿತು ಅಂದೆ.

ದಡದಗುಂಟ ನಡೆದು ಬಂದಿದ್ದ ಬೆರೆಂಡ್ ಈ ಸಲ ತಮಾಷೆ ಮಾಡಲಿಲ್ಲ. "ದಾಟಿತ್ತಾ, ಫ್ರೌಕೆ?"

"ಒದ್ದೆ ಕೈಯಲ್ಲಿ ರುಜು ಹಾಕಿದ್ರೆ ನಡೆಯತ್ತಾ ಕೇಳು" ಎಂದೆ.

ನೀನು ಒರಗಿ ಕೂತಿದ್ದೀಯಲ್ಲ, ಅದೇ ಆ ಚೂರಿನಲ್ಲಿ ಕಟ್ಟಿದ ಹೊಸ ಗೋಡೆ. ತಿರುಗಿ ನೋಡು, ಬೇಕಾದರೆ ಕೈಯಾಡಿಸಿ ನೋಡು. ಪೆನ್ಸಿಲಿನ ಗೆರೆ ಒಂದೂ ಇಲ್ಲ. ಆದರೆ ಪೆನ್ಸಿಲು ಇನ್ನೂ ನನ್ನ ಕಿವಿಯ ಮೇಲೇ ಇದೆ. ಈಗ ಹೇಳು, ಅವತ್ತು ನನ್ನ ಹೆಬ್ಬೆರಳ ಕೆಳಗೆ ಏನಿತ್ತು?